ಕೇಳುವ ಮೊದಲೇ ಇಟ್ಟ ಕಾಫಿ

ನಮ್ಮ ಕಂಪ್ಯೂಟರ್‌ಗಳಿಂದ ಏನೂ ಹೊರಗೆ ಹೋಗಿರಲಿಲ್ಲ. ಮುಂದೆ ಬರೆಯುವುದರಲ್ಲಿ ಬಹುಪಾಲು ಕಂಪ್ಯೂಟರ್‌ಗಳ ವಿಷಯವೇ ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಂಗಳವಾರ ಗುಟ್ಟು ಹೊರಬಿದ್ದದ್ದು ಒಂದು ಗಾಜಿನ ಲೋಟದಿಂದ.

ಮನೆಯಲ್ಲಿ ಹೊಡೆತ ತಿಂದು ಬರುವ ಹೆಂಗಸರಿಗೆ ನೆರವಾಗುವ ಒಂದು ಚಿಕ್ಕ ಕೇಂದ್ರ ಹುಣಸೂರಿನಲ್ಲಿದೆ. ನಾನು ಅಲ್ಲಿ ಕೆಲಸ ಮಾಡುತ್ತೇನೆ. ಅರ್ಜಿ ಟೈಪು ಮಾಡುವುದು, ಕಡತ ಇಡುವುದು, ಮೂರು ಹಳೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹನಗೋಡಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂತಿರುಗುತ್ತೇನೆ. ನನ್ನ ಜೊತೆ ಇರುವವರು ಒಬ್ಬರೇ, ಬಂದವರ ಕಷ್ಟ ಕೇಳಿ ದಾರಿ ಹೇಳುವ ಮೇಡಂ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದಲೂ ನಮ್ಮಲ್ಲಿಗೆ ಬರುತ್ತಾರೆ. ತಮ್ಮೂರಿನ ಹತ್ತಿರ ಹೋದರೆ ಯಾರಾದರೂ ನೋಡಿಬಿಡುತ್ತಾರೆ ಎಂಬ ಭಯ ಅವರಿಗೆ.

ಕೇಂದ್ರದ ಎದುರಿಗೆ ರಸ್ತೆಯಾಚೆ ಒಂದು ಕಾಫಿ ಅಂಗಡಿ. ಅಂಗಡಿಯಣ್ಣ ಏನು ಬೇಕು ಎಂದು ಕೇಳುವವನಲ್ಲ. ಯಾರು ರಸ್ತೆ ದಾಟುತ್ತಿದ್ದಾರೆ ಎಂದು ನೋಡಿ ಅವರ ಲೋಟ ತುಂಬಿಡುತ್ತಿದ್ದ. "ಮೂರ್ ದಿನ ಬಂದೋರ್ನ ನಾಕನೇ ದಿನನೂ ಏನ್ ಬೇಕು ಅಂತ ಕೇಳುದ್ರೆ ನಾನ್ ಯಾತರ ಅಂಗಡಿಯವ್ನಕ್ಕ?" ಎಂದು ನನ್ನ ಹತ್ತಿರವೇ ಹೇಳಿದ್ದ. ಮೇಡಂಗೆ ಸಕ್ಕರೆ ಕಡಿಮೆ ಹಾಕಿದ ಟೀ, ನನಗೆ ಗಟ್ಟಿ ಕಾಫಿ. ಊಹೆ ತಪ್ಪಿದರೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕುತ್ತಿದ್ದ.

ಒಬ್ಬ ಹೆಂಗಸು ಪ್ರತಿ ಮಂಗಳವಾರ ಕೋಟೆಯ ಬಸ್ಸಿನಲ್ಲಿ ಬರುತ್ತಿದ್ದರು. ಗಂಡನ ಮನೆ ಬಿಟ್ಟು, ಅವನಿಗೆ ಗೊತ್ತಿಲ್ಲದ ಕಡೆ ಇದ್ದರು. ಅವರಿಗೆ ಹಾಲು ಸೇರುತ್ತಿರಲಿಲ್ಲ, ಬೆಲ್ಲ ಹಾಕಿದ ಕರಿ ಕಾಫಿ ಕುಡಿಯುತ್ತಿದ್ದರು. ಆ ಅಂಗಡಿಯಲ್ಲಿ ಅದನ್ನು ಕುಡಿಯುತ್ತಿದ್ದವರು ಅವರೊಬ್ಬರೇ. ಬಸ್ಸು ಬರುವ ಹೊತ್ತಿಗೆ ಅಂಗಡಿಯಣ್ಣ ಕರಿ ಕಾಫಿ ತುಂಬಿ, ಆರದಿರಲಿ ಎಂದು ಲೋಟದ ಮೇಲೊಂದು ಸಣ್ಣ ತಟ್ಟೆ ಮುಚ್ಚಿಡುತ್ತಿದ್ದ.

ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಬೇರೊಂದು ದಿನ ಮಾತುಕತೆಗೆ ಬರಲು ಹೇಳಿ ಕೇಂದ್ರದಿಂದ ಕಳಿಸಿದ್ದ ಪತ್ರ ಹಿಡಿದುಕೊಂಡು ಆಕೆಯ ಗಂಡ ಆ ಮಂಗಳವಾರವೇ ಬಂದ. ಬಿಳಿ ಅಂಗಿ, ಕಾಲಲ್ಲಿ ಹೊಸ ಚಪ್ಪಲಿ. ಕೂಗಾಡಲಿಲ್ಲ. "ನನ್ ಎಂಡ್ರು ಎಲ್ಲವ್ಳೆ ಅಂತ ಏಳ್ಬುಡಿ, ಕರ್ಕೊಂಡ್ ಓಯ್ತೀನಿ" ಎಂದ. ಮೇಡಂ ಹೇಳುವುದಿಲ್ಲ ಎಂದರು. ಅವನು ಹೊರಗೆ ಹೋಗಿ ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತ. ಕಾಫಿ ಕುಡಿದು ಹೋಗುತ್ತಾನೆ ಎಂದುಕೊಂಡೆವು.

ಅಲ್ಲಿ ನಡೆದದ್ದನ್ನು ಅಂಗಡಿಯಣ್ಣ ಆಮೇಲೆ ಹೇಳಿದ. "ಈ ಕರಿ ಕಾಫಿ ಯಾರ್ಗಣ್ಣ ಅಂದ. ನಿಮ್ಗಲ್ಲ ಬುಡಿ ಅಂದೆ. ಅಷ್ಟೇ ಕಣಕ್ಕ. ಎಸ್ರು ಏಳ್ನಿಲ್ಲ, ಊರ್ ಏಳ್ನಿಲ್ಲ." ಅವನು ಹೇಳಿದ್ದು ನಿಜ. ಆದರೆ ಹೆಂಡತಿ ಕುಡಿಯುವುದು ಕರಿ ಕಾಫಿ ಎಂದು ಬಲ್ಲ ಗಂಡನಿಗೆ ಮುಚ್ಚಿಟ್ಟ ಆ ಲೋಟ ಎಲ್ಲವನ್ನೂ ಹೇಳಿತ್ತು. ಹೆಂಡತಿ ಇಲ್ಲಿಗೆ ಬರುತ್ತಾಳೆ, ಈ ದಿನವೇ ಬರುತ್ತಾಳೆ, ಕಾಫಿ ಆರುವುದರೊಳಗೆ ಬರುತ್ತಾಳೆ.

ಬಸ್ಸು ಬಂತು. ಆಕೆ ಇಳಿದು ರಸ್ತೆ ದಾಟುವಾಗ ಅವನು ಎದ್ದು ಆಕೆಯ ಕೈ ಹಿಡಿದು ತಿರುಚಿದ. ಬಳೆ ಒಡೆದು ರಕ್ತ ಬಂತು. ನಾನು ಕಿಟಕಿಯ ಹತ್ತಿರ ಇದ್ದೆ, ಕೂಡಲೇ ಓಡಲಿಲ್ಲ. ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ ಎಂದು ಖಚಿತವಾಗಿ ಹೇಳಲಾರೆ, ಒಂದು ಉಸಿರಿನಷ್ಟು ಇರಬೇಕು. ನನಗಿಂತ ಮೊದಲು ಓಡಿದವನು ಅಂಗಡಿಯಣ್ಣ. ಬಸ್ಸಿನ ಕಂಡಕ್ಟರೂ ಇಳಿದು ಬಂದ. ಅವರಿಬ್ಬರೂ ನಡುವೆ ನಿಂತ ಮೇಲೆ ಗಂಡ ಬೈಯುತ್ತ ಹೊರಟುಹೋದ. ಅಂದೇ ಠಾಣೆಯಲ್ಲಿ ದೂರು ಕೊಟ್ಟೆವು. ಬಂದ ಬಸ್ಸು ಯಾವುದೆಂದು ಅವನು ನೋಡಿದ್ದರಿಂದ ಆಕೆ ಇದ್ದ ಜಾಗವನ್ನೂ ಬದಲಿಸಬೇಕಾಯಿತು.

ಎರಡು ದಿನದ ನಂತರ ಆಕೆ ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಮುಂದೆ ಕೂತಿದ್ದರು. ನ್ಯಾಯಾಲಯದಿಂದ ರಕ್ಷಣೆ ಕೇಳುವ ಅರ್ಜಿ ಬರೆಯಬೇಕಿತ್ತು. ಅದರ ಜೊತೆ, ಗಂಡನ ಕಣ್ಣಿಗೆ ಬೀಳದ ಹಾಗೆ, ಈಗಿರುವ ವಿಳಾಸವನ್ನು ಬೇರೆ ಹಾಳೆಯಲ್ಲಿ ಕೊಡಬೇಕಿತ್ತು. ನಾನು ಕೀಲಿಮಣೆಯ ಮೇಲೆ ಕೈ ಇಟ್ಟೆ. ಆಕೆ ಕಂಪ್ಯೂಟರಿನತ್ತ ಬೆರಳು ತೋರಿಸಿದರು.

"ಈ ಡಬ್ಬದೊಳ್ಗೆ ಬರುದ್ರೆ ಅದೂ ಆ ಲೋಟದಂಗೆ ಯಾರ್ಗಾದ್ರೂ ಕಾಣ್ತದಾ ಅಕ್ಕ?" ಎಂದು ಕೇಳಿದರು.

ಇಲ್ಲ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಳೆಯ ಪ್ರೊಸೆಸರ್‌ಗಳಲ್ಲಿ, ಅಂದರೆ ಕಂಪ್ಯೂಟರಿನ ಕೆಲಸವನ್ನೆಲ್ಲ ಮಾಡುವ ಚಿಪ್ಪುಗಳಲ್ಲಿ, ದೋಷವಿದೆ, ಸರಿಪಡಿಸಿಕೊಳ್ಳಿ ಎಂಬ ಎಚ್ಚರಿಕೆಯನ್ನು ನಾನು ಎಷ್ಟೋ ಸಲ ಓದಿ ಪಕ್ಕಕ್ಕೆ ಸರಿಸಿದ್ದೆ. ಅದರಲ್ಲಿ ಹೇಳಿದ್ದು ಈಗ ಮೊದಲ ಸಲ ಅರ್ಥವಾಯಿತು. ಪ್ರೊಸೆಸರ್ ಕೂಡ ನಮ್ಮ ಅಂಗಡಿಯಣ್ಣನ ಹಾಗೆ ಕಾಯುವುದಿಲ್ಲ. ಮುಂದೆ ಯಾವ ಕೆಲಸ ಬರಬಹುದೆಂದು ಊಹಿಸಿ, ಹೇಳುವ ಮೊದಲೇ ಮಾಡಿಡುತ್ತದೆ. ಊಹೆ ತಪ್ಪಾದರೆ ಚೆಲ್ಲುತ್ತದೆ. ಚೆಲ್ಲಿದರೂ ಒಳಗೆ ಗುರುತು ಉಳಿಯುತ್ತದೆ. ಅದೇ ಯಂತ್ರದಲ್ಲಿ ಓಡುತ್ತಿರುವ ಇನ್ನೊಂದು ಪ್ರೋಗ್ರಾಂ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು, ಆ ಗುರುತಿನಿಂದಲೇ ತನ್ನದಲ್ಲದ ಗುಟ್ಟನ್ನು ಓದಬಹುದು. ಯಾರೂ ಬಾಯಿ ಬಿಡಬೇಕಾಗಿಲ್ಲ.

"ಗೊತ್ತಿಲ್ಲ. ನೋಡಿ ಹೇಳ್ತೀನಿ. ಅಲ್ಲೀ ತನಕ ಬರೆಯಲ್ಲ" ಎಂದೆ.

"ಸೋಮ್ವಾರ ಬತ್ತೀನಿ" ಎಂದು ಎದ್ದರು.

ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಶಾಲೆಯ ಗೆಳೆಯನಿಗೆ ಫೋನು ಮಾಡಿದೆ. ಅವನು ಜೋರಾಗಿ ನಕ್ಕ. "ಆ ಮುದಿ ಮಿಷನ್ನೊಳ್ಗೆ ಯಾವ ಕಳ್ಳ ನುಗ್ತಾನೆ ಬುಡೇ. ನುಗ್ಗುದ್ರೂ ಅದು ಆನ್ ಆಗೋ ಅಷ್ಟರಲ್ಲಿ ಬೇಜಾರಾಗಿ ಎದ್ದೋಯ್ತಾನೆ."

"ಒಡೆದ ಬಳೆ ಗುಡಿಸಿದವಳು ನಾನು ಕಣೋ. ನಗಬೇಡ" ಎಂದೆ.

"ಪೇಪರ್ ತಗಂಡು ಬರ್ಕೋ" ಎಂದ.

ಬರೆದುಕೊಂಡಂತೆ ಮಾಡುತ್ತ ಹೋದೆ. ನಮ್ಮ ಮೂರರಲ್ಲೂ ಇದ್ದ ವಿಂಡೋಸ್‌ಗೆ ತಿದ್ದುಪಡಿ ಬರುವುದು ನಿಂತು ವರ್ಷಗಳಾಗಿದ್ದವು. ಕಡತಗಳನ್ನೆಲ್ಲ ಬೇರೆ ತೆಗೆದಿಟ್ಟು, ಅದರ ಬದಲು ಈಗಲೂ ತಿದ್ದುಪಡಿ ಬರುತ್ತಿರುವ ಲಿನಕ್ಸ್ ಹಾಕಿದೆ. ಪ್ರೊಸೆಸರ್ ತಯಾರಿಸಿದವರು ಅದರ ನಡವಳಿಕೆ ತಿದ್ದಲು ಕೊಟ್ಟಿರುವ ಚಿಕ್ಕ ಕಡತವೊಂದಿದೆ. ಯಂತ್ರ ಮಾರಿದವರು ಅದನ್ನು ನಮ್ಮಂಥ ಹಳಬರಿಗೆ ತಲುಪಿಸಿರಲಿಲ್ಲ. ಆದರೂ ಕಂಪ್ಯೂಟರ್ ಶುರುವಾದಾಗಲೆಲ್ಲ ಲಿನಕ್ಸೇ ಅದನ್ನು ಒಳಗೆ ಹಾಕುವಂತೆ ಮಾಡಬಹುದಿತ್ತು, ಮಾಡಿದೆ. ಪ್ರೊಸೆಸರ್‌ನ ಒಂದು ಭಾಗ ಏಕಕಾಲಕ್ಕೆ ಎರಡು ಕೆಲಸ ಹಿಡಿಯುವ ಸೌಲಭ್ಯವನ್ನು, ಒಂದರ ಗುರುತು ಇನ್ನೊಂದಕ್ಕೆ ಸಿಗದಿರಲಿ ಎಂದು, ನಿಲ್ಲಿಸಿದೆ. ಶುಕ್ರವಾರ ಎರಡು ಸಲ ಕರೆಂಟು ಹೋಗಿ ಒಂದನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಮಾಡಿದೆ.

ಶನಿವಾರ ಪ್ರತಿ ಯಂತ್ರವನ್ನೂ ಪರೀಕ್ಷಿಸಿದೆ. ಯಾವ ದೋಷಕ್ಕೆ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ ಎಂದು ಲಿನಕ್ಸ್ ಸಾಲು ಸಾಲಾಗಿ ತೋರಿಸುತ್ತದೆ. ಎರಡರಲ್ಲಿ ಎಲ್ಲ ಸಾಲುಗಳಲ್ಲೂ ರಕ್ಷಣೆ ಇತ್ತು. ಎಲ್ಲಕ್ಕಿಂತ ಹಳೆಯದರಲ್ಲಿ ಮೂರು ಸಾಲುಗಳ ಮುಂದೆ "ವಲ್ನರಬಲ್" ಎಂದೇ, ಅಂದರೆ ರಕ್ಷಣೆ ಇಲ್ಲ ಎಂದೇ, ಉಳಿಯಿತು. ಅದರ ಪ್ರೊಸೆಸರ್‌ಗೆ ತಿದ್ದುಪಡಿಯೇ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಆ ಮೂರು ಸಾಲುಗಳನ್ನು ಬೆರಳಿಟ್ಟು ಮತ್ತೆ ಓದಿದೆ. ಮೇಡಂ ಇಷ್ಟು ವರ್ಷ ಹೆಂಗಸರ ಹೇಳಿಕೆಗಳನ್ನು ಬರೆದಿಟ್ಟುಕೊಂಡಿದ್ದದ್ದು ಅದರಲ್ಲೇ. ಅದರಲ್ಲೇ ಬಿಡುವಿನ ವೇಳೆಯಲ್ಲಿ ಇಂಟರ್ನೆಟ್ಟಿನಲ್ಲಿ ಹಾಡು ಕೇಳುತ್ತಿದ್ದೆವು.

ಅದರ ಡಿಸ್ಕನ್ನು ಪೂರ್ತಿ ಅಳಿಸಿದೆ. ಇನ್ನು ಅದರಲ್ಲಿ ಖಾಲಿ ನಮೂನೆಗಳು ಮಾತ್ರ. ಎರಡನೆಯದು ಇಂಟರ್ನೆಟ್ಟಿಗೆ, ಅದರಲ್ಲಿ ಯಾರ ಹೆಸರೂ ಇರಕೂಡದು. ಮೂರನೆಯದನ್ನು ಒಳಕೋಣೆಗೆ ಸಾಗಿಸಿ, ಇಂಟರ್ನೆಟ್ಟಿನ ತಂತಿ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತೆಗೆದಿಟ್ಟಿದ್ದ ಗುಟ್ಟಿನ ಕಡತಗಳೆಲ್ಲ ಇನ್ನು ಅದೊಂದರಲ್ಲೇ. ಹೊರಗಿನ ಯಾವ ಪ್ರೋಗ್ರಾಮೂ ಅಲ್ಲಿಗೆ ಬಂದು ಅವುಗಳ ಪಕ್ಕ ಕೂರುವಂತಿಲ್ಲ.

ಯಂತ್ರಗಳು ಮೊದಲಿಗಿಂತ ನಿಧಾನವಾದವು. "ಒಂದ್ ಫೈಲ್ ತೆರೆಯೋದ್ರೊಳಗೆ ನಾನು ರಿಟೈರ್ ಆಗ್ತೀನಿ" ಎಂದರು ಮೇಡಂ.

"ಆಗಿ ಮೇಡಂ. ತಂತಿ ಮಾತ್ರ ಹಾಕಲ್ಲ" ಎಂದೆ.

ಎದುರಿನ ಅಂಗಡಿಯೂ ನಿಧಾನವಾಗಿತ್ತು. ಅಂಗಡಿಯಣ್ಣ ಈಗ ಎಲ್ಲರನ್ನೂ ಕೇಳಿಯೇ ಕೊಡುತ್ತಿದ್ದ. ದಿನಾ ಬರುವವರಿಗೆ ಇದರಿಂದ ಸಿಟ್ಟು. "ಏನ್ಲಾ, ನನ್ ಮಕಾನೇ ಮರ್ತೋಯ್ತಾ ನಿಂಗೆ?" ಎಂದು ಒಬ್ಬರು ರೇಗಿದರು. "ಊಂ ಕಣಣ್ಣ, ಮರ್ತೋಯ್ತು. ಏನ್ ಕೊಡ್ಲಿ ಏಳು" ಎಂದ.

ಸೋಮವಾರ ಆಕೆ ಬಂದರು, ಯಾವ ಬಸ್ಸಿನಲ್ಲಿ ಎಂದು ನಾವು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಂಗಡಿಯಣ್ಣ ತಾನೇ ಮೂರು ಲೋಟ ಹಿಡಿದುಕೊಂಡು ಬಂದ. ಮೂರರಲ್ಲೂ ಕರಿ ಕಾಫಿ. "ಇನ್ಮ್ಯಾಕೆ ಈ ಆಫೀಸ್ಗೆ ಎಲ್ಲಾರ್ಗೂ ದಿನಾ ಇದೇಯ. ಯಾರ್ದು ಯಾವ್ದು ಅಂತ ಯಾವನ್ಗೂ ಗೊತ್ತಾಗ್ಬಾರ್ದು" ಎಂದ. ಮೇಡಂ ಒಂದು ಗುಟುಕು ಕುಡಿದು ಮುಖ ಕಿವುಚಿಕೊಂಡರು, ಲೋಟ ಕೆಳಗಿಡಲಿಲ್ಲ.

ಒಳಕೋಣೆಯಲ್ಲಿ ಆಕೆಯನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಮಾಡಿದ್ದನ್ನೆಲ್ಲ ಹೇಳಿದೆ. ತಂತಿ ಇರಬೇಕಾದ ಖಾಲಿ ಜಾಗವನ್ನು ತೋರಿಸಿದೆ.

"ಇನ್ ಯಾರ್ಗೂ ಕಾಣಕಿಲ್ವಾ?"

"ಯಾರಿಗೂ ಯಾವತ್ತೂ ಅಂತ ಹೇಳಕ್ಕಾಗಲ್ಲ ಕಣವ್ವ. ಇವತ್ತಿನವರೆಗೆ ಗೊತ್ತಿರೋ ಕಂಡಿಗಳನ್ನೆಲ್ಲ ಮುಚ್ಚಿದೀನಿ. ಹೊಸದು ಕಂಡರೆ ಅದನ್ನೂ ಮುಚ್ತೀನಿ. ತಿಂಗಳಿಗೊಂದು ಸಲ ನೋಡ್ತೀನಿ."

ಆಕೆ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನು ನೋಡುತ್ತಿದ್ದರು. ಕಡತ ತೆರೆಯಲು ತಡವಾಯಿತು. ಇಬ್ಬರೂ ಕಾದೆವು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಮೊದಲು ಮನೆಯ ಗುರುತು, ಆಮೇಲೆ ಬೀದಿ, ಕೊನೆಗೆ ಊರಿನ ಹೆಸರು ಹೇಳಿದರು. ಒಂದೊಂದೇ ಅಕ್ಷರ ನೋಡಿಕೊಂಡು ಟೈಪು ಮಾಡಿದೆ. ಒಂದೇ ಪ್ರತಿ ಮುದ್ರಿಸಿ ಲಕೋಟೆಗೆ ಹಾಕಿ ಅಂಟಿಸಿದೆವು. ಅದನ್ನು ಮೇಡಂ ತಾವೇ ಕೈಯಲ್ಲಿ ಹಿಡಿದುಕೊಂಡು ನ್ಯಾಯಾಲಯಕ್ಕೆ ಹೊರಟರು.