ನೌಪಾಡಾದ ಟೇಬಲ್ಲು, ಸಾನಪಾಡಾದ ಕಪಾಟು

ಮಾವನ ಎರಡೂ ಕಾಲುಗಳಲ್ಲಿ, ಮೊಣಕಾಲಿನ ಕೆಳಗೆ, ನೀಲಿ ನರಗಳು ಗಂಟುಗಂಟಾಗಿ ಉಬ್ಬಿಕೊಂಡಿದ್ದವು. ಠಾಣೆಯ ನೌಪಾಡಾದಲ್ಲಿದ್ದ ತಮ್ಮ ಹೋಟೆಲಿನ ಗಲ್ಲಾದ ಹಿಂದೆ ಜೀವನವಿಡೀ ನಿಂತು ಸಂಪಾದಿಸಿದ ಆಸ್ತಿ ಅದು. ಅಲ್ಲಿ ಕುರ್ಚಿಯೇನೋ ಇತ್ತು, ಆದರೆ ಅದರ ಮೇಲೆ ಅವರ ಹೆಗಲಿನ ಬೈರಾಸು ಮಾತ್ರ ಕೂತಿರುತ್ತಿತ್ತು. "ಕೂತರೆ ಬಾಗಿಲಲ್ಲಿ ಯಾರು ಬಂದ್ರು ಅಂತ ಕಾಣುದಿಲ್ಲ" ಎನ್ನುತ್ತಿದ್ದರು.

ನಾನು ಧಾರವಾಡದ ಕಡೆಯವಳು. ಮಹಾಪೆಯ ಆಫೀಸಿನಲ್ಲಿ ಅವರ ಮಗನ ಪರಿಚಯವಾಗಿ, ಸಾನಪಾಡಾದ ಈ ಉಡುಪಿಯವರ ಮನೆಗೆ ಸೊಸೆಯಾಗಿ ಬಂದೆ. ತುಳು ಬಾರದ ಸೊಸೆಗಾಗಿ ಮಾವ ಕನ್ನಡದಲ್ಲೇ ಮಾತಾಡುತ್ತಿದ್ದರು. ನನ್ನ ಮಾತಿನ ಧಾಟಿ ಕೇಳಿ, "ಇದು ಜಗಳವಾ, ಮಾತುಕತೆಯಾ ಅಂತ ಮೊದಲೇ ಹೇಳು ಮಾರಾಯ್ತಿ" ಎಂದು ಛೇಡಿಸುತ್ತಿದ್ದರು.

ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಹೊರಟಾಗ ಹೋಟೆಲು ಮುಚ್ಚಿತು. ಮಾವ ಅಲ್ಲಿಂದ ಸಾಗವಾನಿ ಟೇಬಲ್ಲುಗಳ ಹಲಗೆಗಳನ್ನು ಮಾತ್ರ ಟೆಂಪೋದಲ್ಲಿ ತಂದು ನಮ್ಮ ಗ್ಯಾಲರಿಯಲ್ಲಿ ಒಟ್ಟಿದರು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಂದಿನಂತೆ ಠಾಣೆ ಲೋಕಲ್ ಹಿಡಿದರು. ಅದರ ಮರುದಿನವೂ ಅಷ್ಟೇ. ಎಲ್ಲಿಗೆಂದು ಕೇಳಿದರೆ, "ಸ್ವಲ್ಪ ಕೆಲಸ ಉಂಟು." ಒಂದು ದಿನ ನನ್ನ ಗಂಡ ಹಿಂದೆಯೇ ಹೋಗಿ ನೋಡಿದ. ಹೋಟೆಲಿನ ಸುತ್ತ ತಗಡು ಹೊಡೆದಿದ್ದರು. ಮಾವ ಎದುರಿನ ಫುಟ್‌ಪಾತಿನಲ್ಲಿ ನಿಂತು, ಮಧ್ಯಾಹ್ನದವರೆಗೂ ಆ ತಗಡನ್ನೇ ನೋಡುತ್ತಿದ್ದರಂತೆ. ಮನೆಯಲ್ಲಿ ಅವರ ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕಿಂತಲೂ ಕಡಿಮೆಯಾಯಿತು. "ಇವರು ಹೀಗೇ ಒಂದು ದಿನ ಅಲ್ಲೇ ಬಿದ್ದು ಹೋಗ್ತಾರೆ" ಎಂದು ಅತ್ತೆ ಅಡುಗೆಮನೆಯಲ್ಲಿ ಕಣ್ಣೀರಿಟ್ಟರು. ನನಗೂ ಅದೇ ಭಯವಿತ್ತು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಕೆಲಸ ಹೇಳುವುದು ಬರುತ್ತದೆ. "ಮಾಮಾರ, ಊಟದ ಖೋಲ್ಯಾಗ ತಾಟು, ವಾಟಗಾ ಇಡಾಕ ಜಾಗಾನ ಇಲ್ಲ. ಈ ಹಲಗಿ ಸುಮ್ನ ಬಿದ್ದಾವು. ನನಗೊಂದು ಕಪಾಟು ಮಾಡಿ ಕೊಡ್ರಿ" ಎಂದೆ.

"ನಾನೆಂತ ಬಡಗಿಯಾ?"

"ಹೋಟೆಲಿನ ಮುರದ ಕುರ್ಚಿ ಎಲ್ಲಾ ಯಾರು ರಿಪೇರಿ ಮಾಡ್ತಿದ್ರು ಮತ್ತ?"

ಸಂಜೆ ನಾನು ಆಫೀಸಿನಿಂದ ಬಂದಾಗ, ಊಟದ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಪಾಟಿನ ನಕ್ಷೆ ಬಿದ್ದಿತ್ತು.

ಉಜ್ಜುಗೊರಡು ಓಡಿದಂತೆ ಸಾಂಬಾರು, ಎಣ್ಣೆ, ಕಾಫಿಯ ಕಪ್ಪು ಪದರ ಎದ್ದುಹೋಗಿ ಒಳಗಿನಿಂದ ಜೇನಿನ ಬಣ್ಣದ ಮರ ಹೊರಬಂತು. ಮಧ್ಯಾಹ್ನ ಸದ್ದು ಮಾಡಬಾರದೆಂದು ಸೊಸೈಟಿಯವರು ಹೇಳಿದ್ದರಿಂದ, ಆ ಹೊತ್ತಿನಲ್ಲಿ ಮರಳುಕಾಗದ ಹಿಡಿದು ತಿಕ್ಕುತ್ತಿದ್ದರು. ಮೊಳೆ ಬೇಡವೆಂದು ಹಠ. ಒಂದು ಹಲಗೆಯ ತುದಿಯನ್ನು ಕೆತ್ತಿ ಇನ್ನೊಂದರ ತೂತಿಗೆ ಬಡಿದು ಕೂರಿಸಿ, ಅದು ಬಿಗಿಯಾಗಿ ಕೂತಿತೆಂದರೆ "ಆಯ್ತು ನೋಡು!" ಎಂದು ಮನೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆದರೂ ನಡುನಡುವೆ ಇಸ್ತ್ರಿ ಅಂಗಿ ತೊಟ್ಟು ಠಾಣೆಗೆ ಹೋಗುವುದು ಪೂರ್ತಿ ನಿಂತಿರಲಿಲ್ಲ.

ಕಪಾಟು ಎದ್ದು ನಿಂತ ದಿನ ಎಲ್ಲರನ್ನೂ ಕರೆದರು. ಅತ್ತೆ ಮೇಲಿನ ಗೂಡಿನಲ್ಲಿ ಉಪ್ಪಿನಕಾಯಿ ಭರಣಿ ಇಡಲು ಹೋದರೆ, ತುದಿಗಾಲಲ್ಲಿ ನಿಂತರೂ ಕೈ ಎಟುಕಲಿಲ್ಲ. ಸರಿಯಾಗಿ ನೋಡಿದೆ. ಮುಂದೆ ಗಲ್ಲಾದಷ್ಟೇ ಎತ್ತರದ ಅಗಲ ಹಲಗೆ, ಅದರ ಮೇಲೆ ಸಾಲು ಲೋಟಗಳ ಗೂಡು, ಎಡಕ್ಕೆ ಚಿಲ್ಲರೆ ಹಾಕುವಂಥ ಪುಟ್ಟ ಖಾನೆ. ಮಾವ ತಮಗೇ ತಿಳಿಯದಂತೆ ಹೋಟೆಲಿನ ಕೌಂಟರನ್ನೇ ಮತ್ತೆ ಕಟ್ಟಿದ್ದರು.

"ಇಲ್ಲಿ ಊಟ ಬೇಕಾದ್ರೆ ಮೊದಲು ಕೂಪನ್ ತಗೊಳ್ಬೇಕಾ?" ಎಂದರು ಅತ್ತೆ, ನನಗೂ ತಿಳಿಯಲೆಂದು ಕನ್ನಡದಲ್ಲೇ.

ಅವರ ಬಾಯಿ ಮುಚ್ಚಬೇಕೆನಿಸಿತು ನನಗೆ. ಮಾವ ಹಲಗೆಯ ಮೇಲೆ ಕೈಯಾಡಿಸಿದರು. ಮತ್ತೆ ಫುಟ್‌ಪಾತೇ ಗತಿ ಅಂದುಕೊಂಡೆ. ಅಷ್ಟರಲ್ಲಿ ಅವರ ಹೊಟ್ಟೆ ಕುಲುಕಿತು. ಹೋಟೆಲು ಮುಚ್ಚಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಅಲ್ಲಿ ನಾವೆಲ್ಲ ನಿಂತವರೇ ಅಲ್ವಾ. ಮನೆಯವರು ಕೂತು ಉಣ್ತಾರೆ ಅಂತ ನೆನಪೇ ಆಗ್ಲಿಲ್ಲ ಮಾರಾಯ್ತಿ!"

ಅತ್ತೆಯನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಕೈ ಚಾಚು ಎಂದರು. ಬೆರಳು ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರು. "ನನ್ನ ಕೈ ಎಲ್ಲಿವರೆಗೆ ಎಟುಕ್ತದೆ ಅಂತ ಇವರು ಕೇಳಿದ್ದು ಇವತ್ತೇ" ಎಂದು ಅತ್ತೆ ನನ್ನ ಕಡೆ ನೋಡಿದರು, ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ. ಮೊಳೆ ಹೊಡೆಯದಿದ್ದುದರಿಂದ ಕಪಾಟು ಬಿಚ್ಚುವುದು ಸುಲಭವಾಯಿತು. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಗೂಟದಲ್ಲೇ ಉಳಿಯಿತು. ಮಾವ ಲುಂಗಿ ಎತ್ತಿ ಕಟ್ಟಿ ಗರಗಸ ಹಿಡಿದಿದ್ದರು. ನಾನು ಮಹಾಪೆ ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಂಡೆ. ಅಷ್ಟು ಹಗುರವಾಗಿತ್ತು ಮನಸ್ಸು.

ಈಗ ಮಾವ ಇಲ್ಲ. ತಮ್ಮದೇ ಮಂಚದಲ್ಲಿ, ಅತ್ತೆ ಪಕ್ಕದಲ್ಲಿರುವಾಗ ಹೋದರು. ದುಃಖವಾಯಿತು, ಆದರೆ ಆ ಹಳೆಯ ಭಯದಂತೆ ಅವರು ಬೀದಿಯಲ್ಲಿ ಹೋಗಲಿಲ್ಲವಲ್ಲ ಎಂಬ ನೆಮ್ಮದಿ ಇಂದಿಗೂ ಇದೆ.

ಅವರು ತೀರಿಕೊಳ್ಳುವ ಹಿಂದಿನ ವರ್ಷ ನೌಪಾಡಾದಲ್ಲಿ ಹೊಸ ಕಟ್ಟಡ ಎದ್ದು ನಿಂತಿತ್ತು. "ನೋಡಿಕೊಂಡು ಬರೋಣ ಬನ್ನಿ ಅಪ್ಪ" ಎಂದು ನನ್ನ ಗಂಡ ಕಾರಿನ ಕೀಲಿ ಹಿಡಿದು ನಿಂತ. ಮಾವ ಕಪಾಟಿನಿಂದ ತಟ್ಟೆಗಳನ್ನು ತೆಗೆಯುತ್ತ, ತಲೆಯನ್ನೂ ಎತ್ತದೆ ಹೇಳಿದರು:

"ಅಲ್ಲಿ ನಮಗೆಂತ ಕೆಲಸ? ಸಾರು ತಣ್ಣಗಾಗ್ತದೆ, ಕೂತ್ಕೋ."