ಮಗ ಕೊಡಿಸಿದ ಮಿರ್ಚಿ

ಹೋಟೆಲಿನಲ್ಲಿ ಅಡುಗೆ ಮಾಡುವವರು ಹೋಟೆಲಿನಲ್ಲಿ ಕೂತು ತಿನ್ನುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ ಎನ್ನುವಿರಾದರೆ ಇಷ್ಟು ವರ್ಷ ನೀವು ತಟ್ಟೆಯನ್ನಷ್ಟೇ ನೋಡಿದ್ದೀರಿ, ಅದು ಹೊರಟು ಬಂದ ಬಾಗಿಲನ್ನು ನೋಡಿಲ್ಲ.

ಬಳ್ಳಾರಿಯ ಕೌಲ್ ಬಜಾರಿನ ಪಕ್ಕೀರಮ್ಮ ಇಪ್ಪತ್ತೊಂಬತ್ತು ವರ್ಷ ಆ ಬಾಗಿಲಿನ ಆಚೆಗಿದ್ದವಳು. ಹುಟ್ಟಿದ್ದು ಕೊಳಗಲ್ಲಿನಲ್ಲಿ. ಮದುವೆಯಾಗಿ ಬಂದದ್ದು ಹಮಾಲಿ ಗಾದೆಪ್ಪನ ಒಂದು ಕೋಣೆಯ ಮನೆಗೆ. ಮಗ ಯರ್ರಿಸ್ವಾಮಿ ಅಂಬೆಗಾಲಿಡುವ ಹೊತ್ತಿಗೆ ಹೋಟೆಲೊಂದರ ಹಿಂದಿನ ಕೋಣೆ ಸೇರಿ ಒಗ್ಗಾಣಿ ಮಾಡಲು, ಮಿರ್ಚಿ ಕರಿಯಲು ನಿಂತಳು. ನಿಂತಳು ಎಂದರೆ ನಿಜವಾಗಿಯೂ ನಿಂತಳು. ಅಲ್ಲಿ ಸ್ಟೂಲು ಇರಲಿಲ್ಲ.

ಒಗ್ಗಾಣಿ ಎಂದರೆ ಏನು ಮಹಾ? ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಿಗೆ ಹಾಕಿ, ಹಿಂಡಿ ತೆಗೆದು, ಉಳ್ಳಾಗಡ್ಡಿ-ಅರಿಶಿನದ ಒಗ್ಗರಣೆಗೆ ಸುರಿದು, ಮೇಲೆ ಪುಟಾಣಿ, ಅಂದರೆ ಹುರಿಗಡಲೆಯ ಹಿಟ್ಟು ಉದುರಿಸುವುದು. ಹೇಳಲು ಇಷ್ಟೇ. ಆದರೆ ಇರುವುದೆಲ್ಲ ಹಿಂಡುವುದರಲ್ಲಿ. ಕಡಿಮೆ ಹಿಂಡಿದರೆ ತಟ್ಟೆಯಲ್ಲಿ ಮುದ್ದೆ ಕೂರುತ್ತದೆ, ಜಾಸ್ತಿ ಹಿಂಡಿದರೆ ಅಗುಳು ಅಗುಳಾಗಿ ಇರಬೇಕಾದದ್ದು ನುಚ್ಚಾಗುತ್ತದೆ. ಬೆಳಗಿನ ಐದರಿಂದ ಹನ್ನೊಂದರವರೆಗೆ ಚೀಲಗಟ್ಟಲೆ ಹಿಂಡಿ ಹಿಂಡಿ ಅವಳ ಬಲಗೈ ಮಣಿಕಟ್ಟು ಕೊನೆಗೆ ಒಂದು ಲೋಟ ನೀರು ಎತ್ತಲೂ ಒಲ್ಲೆನೆಂದಿತು. ಡಾಕ್ಟರು ನರದ ತೊಂದರೆ ಎಂದರು, ಕೈಗೆ ಪಟ್ಟಿ ಕಟ್ಟಿದರು. ಮೂರು ತಿಂಗಳ ಹಿಂದೆ ಅವಳು ಕೆಲಸ ಬಿಟ್ಟಳು. ಮಾಲಕರು ಒಂದು ಸೀರೆ ಕೊಟ್ಟು, ಅದರ ಫೋಟೋ ತೆಗೆಸಿಕೊಂಡರು.

“ಇನ್ನ ನಾ ಒಲಿ ಮುಂದ ನಿಂದ್ರಂಗಿಲ್ಲ” ಎಂದು ಅವಳು ಮನೆಯಲ್ಲಿ ಸಾರಿದ್ದಳು. ಉಳಿದ ಆಯುಷ್ಯದಲ್ಲಿ ಅವಳಿಗೆ ಬೇಕಾಗಿದ್ದದ್ದು ಅದೊಂದೇ: ಬೆಳಗ್ಗೆ ಕಟ್ಟೆಯ ಮೇಲೆ ಕೂತು, ಬೇರೆಯವರು ಕಾಸಿದ ಚಹಾ ಕುಡಿಯುವುದು.

ಹಾಗಿರುವಾಗ ಒಂದು ಭಾನುವಾರ ಯರ್ರಿಸ್ವಾಮಿ ಗೆಳೆಯನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ.

“ಅವ್ವಾ, ಚಲೋ ಸೀರಿ ಉಟ್ಕೋ. ಬಳ್ಳಾರ್ಯಾಗ ನಾಷ್ಟಾ, ಕುರುಗೋಡಿನ್ಯಾಗ ಮಿರ್ಚಿ, ಸಿರುಗುಪ್ಪದಾಗ ಊಟ. ಇವತ್ತು ಬರೇ ತಿನ್ಕಂತ ಹೋಗಾದು.”

“ಯಾಕ?”

“ಯಾಕ ಅಂದ್ರ? ಹಡದವ್ವಗ ತಿನ್ಸಾಕ ಕಾರಣ ಬೇಕಾ?”

ಬೇಕು ಅನಿಸಿತು ಪಕ್ಕೀರಮ್ಮನಿಗೆ. ಇವನು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಈಗ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಕಾರಿಗೆ ಡೀಸೆಲ್ ಹಾಕಿಸಿದವನು ಯಾರು? ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಾರದ ಪ್ರೀತಿ ಈ ಭಾನುವಾರವೇ ಯಾಕೆ ಬಂತು? ಅವಳು ಗಂಡನ ಮುಖ ನೋಡಿದಳು. ಗಾದೆಪ್ಪ ಆಗಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದ.

“ಹತ್ತು, ಹತ್ತು. ಮತ್ತ ಹುಡುಗ ಮನಸ್ ಬದ್ಲಾಸಿದ್ರ ಏನ್ ಮಾಡ್ತಿ?” ಎಂದ.

ಬಳ್ಳಾರಿಯಲ್ಲೇ ಮೊದಲ ಹೋಟೆಲು. ಕೆಂಪಗೆ ಖಾರ ಸವರಿದ ದೋಸೆ ಬಂತು. ಎಂಟು ಬಾರಿ ಒರೆಸಿದ ಮೇಜು, ಎಂಟು ಬಾರಿಯೂ ಅದೇ ಬಟ್ಟೆ. ಅದನ್ನು ಕಂಡವಳು ಪಕ್ಕೀರಮ್ಮ ಒಬ್ಬಳೇ. ಸೊಸೆ ಮೌನಿಕಾ ಮೊಬೈಲನ್ನು ಬೋರಲು ಮಾಡಿ ಅತ್ತೆಯ ತಟ್ಟೆಯ ಪಕ್ಕ ಇಟ್ಟಳು. ಆದೋನಿ ಕಡೆಯ ತೆಲುಗು ಹುಡುಗಿ, ಸದಾ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವವಳು. ಇವತ್ತು ಇಲ್ಲಿ ಯಾಕೆ ಇಟ್ಟಳು?

ಪಕ್ಕೀರಮ್ಮ ಬೆರಳ ತುದಿಯಿಂದ ಚಟ್ನಿ ಮುಟ್ಟಿ ನಾಲಿಗೆಗೆ ಇಟ್ಟಳು.

“ನಿನ್ನಿ ಚಟ್ನಿ ಇದು.”

“ಹೆಂಗ್ ಗೊತ್ತಾತು ಅತ್ತಮ್ಮಾ? ಬಾಗುಂದಿ ಕದಾ, ಚಲೋನ ಐತಲ್ಲ!” ಎಂದಳು ಮೌನಿಕಾ.

“ಮ್ಯಾಲ ಹಸಿ ಕೊಬ್ರಿ ಕಲಸ್ಯಾರ, ಹೊಸಾ ಒಗ್ಗರಣಿ ಕೊಟ್ಟಾರ. ನಾಲಿಗಿ ಅಂಚಿಗೆ ಹುಳಿ ಹತ್ತತೈತಿ ನೋಡು. ಹಿಂಗ ನಾನೂ ಮಾಡೀನಿ, ಮಾಲಕ್ರು ಮಾಡಂದಾಗ.”

“ಹಂಗಾದ್ರ ಚಟ್ನಿ ಎಷ್ಟೊತ್ತಿನ ತನಕ ಇಡಬೌದವ್ವಾ?” ಯರ್ರಿಸ್ವಾಮಿ ಮುಂದಕ್ಕೆ ಬಾಗಿ ಕೇಳಿದ.

ಅವಳ ಕೈ ನಿಂತಿತು. ಇಪ್ಪತ್ತೊಂಬತ್ತು ವರ್ಷ ಎಣ್ಣೆ ಸಿಡಿದು ಮೊಳಕೈವರೆಗೆ ಚುಕ್ಕೆ ಬಿದ್ದರೂ ಇದೇನವ್ವಾ ಎನ್ನದ ಮಗ ಇವತ್ತು ಚಟ್ನಿಯ ಆಯುಷ್ಯ ಕೇಳುತ್ತಿದ್ದಾನೆ!

ಕುರುಗೋಡು ತಲುಪಿದಾಗ ಗಾದೆಪ್ಪ ದೊಡ್ಡಬಸವಣ್ಣನ ಗುಡಿಯ ಕಡೆಗೆ ತಿರುಗಿ ಕೈ ಮುಗಿದು, “ಇಳದು ಬರೋಣೇನಲೇ?” ಎಂದ. “ಹೊತ್ತಾಕ್ಕೈತಪ್ಪಾ” ಎಂದ ಮಗ. ಸುಮ್ಮನೆ ತಿನ್ನುತ್ತಾ ಹೋಗುವವರಿಗೆ ಯಾವ ಹೊತ್ತು? ಸಿರುಗುಪ್ಪದಲ್ಲಿ ಯಾರು ಕಾಯುತ್ತಿದ್ದಾರೆ? ಪಕ್ಕೀರಮ್ಮ ಕೇಳಲಿಲ್ಲ. ಕೇಳಿದರೆ ಸುಳ್ಳು ಬರುತ್ತದೆ, ಕಾದರೆ ನಿಜ ತಾನಾಗಿ ಬರುತ್ತದೆ ಎಂದು ಕೂತಳು.

ಬಸ್ ಸ್ಟ್ಯಾಂಡಿನ ಹತ್ತಿರದ ತಗಡಿನ ಹೋಟೆಲಿನಲ್ಲಿ ಒಗ್ಗಾಣಿ, ಮಿರ್ಚಿ ಬಂದವು. ಅವಳು ಮಿರ್ಚಿಯನ್ನು ಮುರಿದು ಪೇಪರಿನ ಮೇಲೆ ಒತ್ತಿದಳು. ಪೇಪರು ಆಚೆಯ ಅಕ್ಷರ ಕಾಣುವಷ್ಟು ಒದ್ದೆಯಾಯಿತು.

“ಎಣ್ಣಿ ಸರಿಯಾಗಿ ಕಾದಿಲ್ಲ. ಸೋಡಾನೂ ಜಾಸ್ತಿ.”

“ಕೇಜಿ ಹಿಟ್ಟಿಗೆ ಎಷ್ಟು ಸೋಡಾ ಹಾಕ್ಬೇಕು?”

“ಕೇಜಿ ಯಾಕಲೇ? ಮನ್ಯಾಗ ಇರಾದು ನಾಕ್ ಮಂದಿ.”

“ಸುಮ್ನ ಕೇಳ್ದೆವ್ವಾ.”

ಮೌನಿಕಾ ಮೊಬೈಲನ್ನು ಇನ್ನೊಂದು ಗೇಣು ಹತ್ತಿರ ಸರಿಸಿದಳು. ಪಕ್ಕೀರಮ್ಮ ಗಾದೆಪ್ಪನನ್ನು ಏನ್ರಿ ಇದು ಎಂಬಂತೆ ನೋಡಿದರೆ ಅವನು ಇಡೀ ಮಿರ್ಚಿಯನ್ನು ಒಮ್ಮೆಲೇ ಬಾಯಿಗೆ ತುರುಕಿಕೊಂಡ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಾಯಿ ತೆರೆಯಲಿಲ್ಲ. ತಿನ್ನುವ ಬಾಯಿಗೆ ಉತ್ತರ ಹೇಳುವ ಹಂಗಿಲ್ಲ ನೋಡಿ!

ಕೈ ತೊಳೆಯುವ ನೆಪದಲ್ಲಿ ಅವಳು ಎದ್ದು ಹಿಂದಿನ ಕೋಣೆಗೆ ಹೋದಳು. ಅಲ್ಲಿ ಅವಳ ವಯಸ್ಸಿನವಳೇ ಒಬ್ಬಳು ಬಾಣಲೆಯ ಮುಂದೆ ನಿಂತಿದ್ದಳು. ಬಂದವಳ ಮುಖ ನೋಡುವ ಮೊದಲು ಅವಳು ನೋಡಿದ್ದು ಮೊಳಕೈ ಮೇಲಿನ ಚುಕ್ಕೆಗಳನ್ನು.

“ಯಾವ ಹೋಟ್ಲು ಅಕ್ಕಾ ನಿಂದು?”

“ಬಳ್ಳಾರ್ಯಾಗಿತ್ತು. ಬಿಟ್ಟೆ. ನಿನ ಹೆಸ್ರೇನು?”

“ಗಿಡ್ಡಮ್ಮ. ಎಣ್ಣಿ ಕಾದಿಲ್ಲಂತ ಬೈಯಾಕ ಬಂದ್ಯಾ? ಗ್ಯಾಸ್ ಉಳಿಸು ಅಂತಾರ ಮಾಲಕ್ರು, ಕಾಸು ಅಂತಿ ನೀನು. ಇಬ್ರೂ ಬಂದು ಇಲ್ಲಿ ನಿಂದ್ರಿ ನೋಡಾಮು.”

ಪಕ್ಕೀರಮ್ಮನಿಗೆ ನಗು ಬಂತು. ಅವತ್ತಿನ ಮೊದಲ ನಗು. ಅದೂ ಪೂರ್ತಿಯಾಗಲಿಲ್ಲ, ಏಕೆಂದರೆ ಗಿಡ್ಡಮ್ಮ ತಟ್ಟೆ ಕೊಡುವ ಕಿಂಡಿಯಿಂದ ಹೊರಗೆ ಇಣುಕಿ, “ಆ ನೀಲಿ ಅಂಗಿಯಾಂವ ನಿನ್ನ ಮಗಾನಾ?” ಎಂದು ಕೇಳಿದಳು.

“ಹೂಂ. ಯಾಕ?”

“ಹೋದ ವಾರಾನೂ ಬಂದಿದ್ದ. ಇಲ್ಲೇ ನಿಂತು ಎಲ್ಲಾ ಕೇಳ್ದ. ದಿನಕ್ಕ ಎಷ್ಟು ಚೀಲ ಮಂಡಾಳು ಹೋಗ್ತೈತಿ, ನಿನಗ ಸಂಬಳ ಎಷ್ಟು, ರಜಾ ಹಾಕಿದ್ರ ಏನ್ ಮಾಡ್ತಾರ. ಸಿರುಗುಪ್ಪದಾಗ ಹೋಟ್ಲು ಹಾಕ್ತಾನಂತಲ್ಲ. ಅಡಿಗಿಯವ್ರು ಸಿಗೋದು ಭಾಳ ಕಷ್ಟಪ್ಪಾ ಅಂದೆ. ‘ನನಗ ಆ ಚಿಂತಿ ಇಲ್ಲ, ಅಡಿಗಿಯವ್ರು ಮನ್ಯಾಗ ಅದಾರ’ ಅಂದ.”

ಬಾಣಲೆಯಲ್ಲಿ ಮಿರ್ಚಿಗಳು ತಿರುಗುತ್ತಿದ್ದವು. ಮನೆಯಲ್ಲಿ ಇದ್ದಾರೆ! ಮನೆಯಲ್ಲಿ ಮಂಚ ಇದೆ, ಕೊಡ ಇದೆ, ಹಾಗೆ ಅಡುಗೆಯವಳೂ ಇದ್ದಾಳೆ. ಕೇಳುವುದು ಬೇಕಿಲ್ಲ, ಎತ್ತಿಕೊಂಡು ಹೋಗಿ ಇಟ್ಟರೆ ಆಯಿತು.

ಈಗ ಎಲ್ಲ ತಿಳಿಯಿತು. ಇದು ಅವಳಿಗೆ ತಿನ್ನಿಸುವ ಪ್ರಯಾಣವಲ್ಲ, ಅವಳ ನಾಲಿಗೆಯಿಂದ ಪಾಠ ಬರೆಸಿಕೊಳ್ಳುವ ಪ್ರಯಾಣ. ಯಾವ ಹೋಟೆಲಿಗೆ ಕರೆದೊಯ್ದರೂ ಅವಳು ಸುಮ್ಮನಿರುವವಳಲ್ಲ, ತಪ್ಪು ಹುಡುಕುತ್ತಾಳೆ, ತಪ್ಪು ಹುಡುಕುವಾಗ ಸರಿ ಯಾವುದೆಂದು ಹೇಳಿಯೇ ಹೇಳುತ್ತಾಳೆ. ಮಗನಿಗೆ ಇದು ಗೊತ್ತು. ಬೋರಲು ಬಿದ್ದ ಆ ಮೊಬೈಲು ಬೆಳಗಿನಿಂದ ಅವಳ ಮಾತನ್ನು ನುಂಗುತ್ತಿತ್ತು.

ಕಾರು ಎಮ್ಮಿಗನೂರು ದಾಟಿತು, ತೆಕ್ಕಲಕೋಟೆ ದಾಟಿತು. ಎರಡೂ ಬದಿಗೆ ಭತ್ತದ ಗದ್ದೆ. ಕೂಗಾಡುವುದೇ? ಕೂಗಾಡಿದರೆ ಅವ್ವಗೆ ಸಿಟ್ಟು ಜಾಸ್ತಿ ಎಂದು ಮುಗಿಸುತ್ತಾರೆ. ಅವಳು ಬೇರೆಯದೇ ಯೋಚನೆ ಮಾಡಿದಳು.

ಸಿರುಗುಪ್ಪದ ಊಟದ ಹೋಟೆಲಿನಲ್ಲಿ ಅನ್ನ, ಬೇಳೆಯ ಪಪ್ಪು, ಬದನೆಕಾಯಿ ಪಲ್ಯ, ಸಾರು ಬಂದವು. ಪಲ್ಯದಲ್ಲಿ ಕರಕಲು ವಾಸನೆ. ಸಾರಿಗೆ ಬಿಸಿನೀರು ಬೆರೆಸಿದ್ದು ಕುರುಡನಿಗೂ ಕಾಣುವಂತಿತ್ತು. ಯರ್ರಿಸ್ವಾಮಿ ಕಣ್ಣರಳಿಸಿ ಕೂತ.

“ಹೆಂಗೈತವ್ವಾ?”

“ಭಾಳ ಚಲೋ ಐತಿ.”

“ಆಂ? ಸಾರು?”

“ಅಮೃತ.”

“ಪಲ್ಯ ಹೊತ್ತೈತಲ್ಲ ಅತ್ತಮ್ಮಾ?”

“ಹೊತ್ತಿದ್ರನ ರುಚಿ. ಇನ್ನೊಂದ್ ಚೂರು ಹಾಕ್ಸು.”

ಗಾದೆಪ್ಪ ತುತ್ತು ಅಲ್ಲೇ ಬಿಟ್ಟು ಹೆಂಡತಿಯ ಹಣೆ ಮುಟ್ಟಿ ನೋಡಿದ. “ಜ್ವರ ಗಿರ ಬಂದಾವೇನು ನಿನಗ?” ಮದುವೆಯಾದಂದಿನಿಂದ ಅವಳ ಬಾಯಲ್ಲಿ ಯಾವ ಅಡುಗೆಗೂ ಮೆಚ್ಚುಗೆ ಕೇಳದ ಮನುಷ್ಯ, ಹೆದರದೆ ಏನು ಮಾಡಿಯಾನು? ಮೌನಿಕಾ ಗಂಡನ ಮುಖ ನೋಡಿದಳು. ಮೊಬೈಲು ಮೇಜಿನಿಂದ ಎದ್ದು ಚೀಲ ಸೇರಿತು. ಪಕ್ಕೀರಮ್ಮ ಆ ಹಾಳು ಸಾರನ್ನು ಎರಡನೇ ಸಲ ಬಡಿಸಿಕೊಂಡು, ಬಟ್ಟಲು ನೆಕ್ಕಿದಂತೆ ಮಾಡಿ ಎದ್ದಳು.

ಊಟವಾದ ಮೇಲೆ ಕಾರು ಬಳ್ಳಾರಿಯ ಕಡೆಗೆ ತಿರುಗಲಿಲ್ಲ. ರೈಸ್ ಮಿಲ್ಲುಗಳ ರಸ್ತೆಗೆ ಹೋಗಿ ಒಂದು ಖಾಲಿ ಮಳಿಗೆಯ ಮುಂದೆ ನಿಂತಿತು. ಮೇಲೆ ಹೊಸ ಫ್ಲೆಕ್ಸು. ಅದರಲ್ಲಿ ಪಕ್ಕೀರಮ್ಮ. ಆಧಾರ್ ಕಾರ್ಡಿನ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಕೆಳಗೆ ಕೆಂಪು ಅಕ್ಷರ: ‘ಅವ್ವ ಪಕ್ಕೀರಮ್ಮನ ಕೈರುಚಿ’.

“ಹೆಂಗವ್ವಾ? ಬೇಕಂತನ ಹೇಳಿದ್ದಿಲ್ಲ. ನಿನಗ ಖುಷಿ ಆಗ್ಲಿ ಅಂತ.”

ಅವಳು ಗಂಡನ ಕಡೆ ತಿರುಗಿದಳು. “ನಿಮಗ ಗೊತ್ತಿತ್ತೇನ್ರಿ?”

“ಹೇಳಬ್ಯಾಡ ಅಂದಿದ್ದ ಹುಡುಗ” ಎಂದು ಗಾದೆಪ್ಪ ಚಪ್ಪಲಿ ನೋಡಿಕೊಂಡ.

“ನೀ ಏನೂ ಮಾಡಾದು ಬ್ಯಾಡವ್ವಾ,” ಯರ್ರಿಸ್ವಾಮಿ ಅವಸರವಾಗಿ ಹೇಳಿದ, “ಕುರ್ಚಿ ಹಾಕ್ತೀನಿ. ಕುಂತು ಹಿಂಗ್ ಮಾಡು ಹಂಗ್ ಮಾಡು ಅಂದ್ರ ಸಾಕು.”

“ಮಂಡಾಳು ಹಿಂಡಾವ್ರು ಯಾರು?”

“ಅದು… ಮಂದಿ ರುಚಿ ಹಿಡಿಯಾತನ ಒಂದ್ ತಿಂಗಳ…”

“ಯಾರು?”

ಅವನು ಬೆರಳಲ್ಲಿ ಕಾರಿನ ಕೀಲಿ ತಿರುಗಿಸಿದ.

“ಗಿಡ್ಡಮ್ಮಗ ಸಂಬಳ ಎಷ್ಟಂತ ಕೇಳಿ ಬಂದಿ. ರಜಾ ಕೇಳಿದಿ. ಯಾವ ಊರಿನ್ಯಾಕಿನೋ, ಆಕಿನ್ನ ಕೇಳಾಕ ನಿನಗ ಬಾಯಿ ಬಂತು. ನನ್ನ ಫೋಟೋ ಹಾಕಾಕ ಮುಂಚೆ ನನ್ನ ಒಂದ್ ಮಾತು ಕೇಳಿದ್ಯೇನಲೇ?”

“ತಾಯಿ ಅದೀಯಲ್ಲವ್ವಾ! ತಾಯಿಗೆ ಏನಂತ ಕೇಳಾದು?”

“ತಾಯಿ ಅಂದ್ರ ಪುಗಸಟ್ಟೆ ಅಂತ ಯಾವ ಸಾಲ್ಯಾಗ ಕಲ್ತಿ?”

ಮೌನಿಕಾ ಕಿಸಕ್ಕನೆ ನಕ್ಕು ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕೀರಮ್ಮ ಸೊಸೆಗೆ ಹೇಳಿದಳು: “ನಗು. ನಾ ಬರಂಗಿಲ್ಲ ಅಂದ್ಮ್ಯಾಲ ಆ ಬಾಣಲಿ ಮುಂದ ನಿಂದ್ರಾಕಿ ನೀನ ನೋಡು.” ಸೊಸೆಯ ನಗು ನಿಂತಿತು. ಆಮೇಲೆ ಮೌನಿಕಾ ನಿಧಾನವಾಗಿ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಗಂಡನಿಗೆ ಎದುರಾಗಿ.

“ಆ ಬೋರ್ಡ್ ಇಳಿಸು,” ಎಂದಳು ಪಕ್ಕೀರಮ್ಮ. “ಹೋಟ್ಲು ಹಾಕು, ನಾ ಬ್ಯಾಡ ಅನ್ನಂಗಿಲ್ಲ. ಗಂಡ್ಸು ಅದಿ, ನಿನಗೂ ಎರಡು ಕೈ ಅದಾವ. ಮಂಡಾಳು ಹಿಂಡಾದು ಕಲಿ. ನಿನ್ನ ಮಾರಿ ಹಾಕು, ನಿನ್ನ ಕೈರುಚಿ ಅಂತ ಬರಿ. ನನ್ನ ಮಾರಿ ಮಾತ್ರ ಬ್ಯಾಡ. ಇಳಿಸಾತನ ನಾ ಕಾರ್ ಹತ್ತಂಗಿಲ್ಲ.”

ಅವಳು ಮಳಿಗೆಯ ಮೆಟ್ಟಿಲ ಮೇಲೆ ಕೂತಳು. ಮಿಲ್ಲಿನಿಂದ ತೌಡಿನ ದೂಳು ಹಾರಿ ಬರುತ್ತಿತ್ತು. ಚಹಾ ಕುಡಿಯಲು ಬಂದ ಹಮಾಲರು ನಿಂತು ನೋಡಿದರು. ಯರ್ರಿಸ್ವಾಮಿ ಕಾಲು ತಾಸು ಅತ್ತಿತ್ತ ಓಡಾಡಿದ, ಅಪ್ಪನನ್ನು ಬೈದ, ಹೆಂಡತಿಯನ್ನು ಬೈದ. ಕೊನೆಗೆ ಪಕ್ಕದ ಅಂಗಡಿಯಿಂದ ಏಣಿ ತಂದ. ಒಂದೊಂದೇ ತಂತಿ ಬಿಚ್ಚಿದಂತೆ ತಾಯಿಯ ಮುಖ ಮಡಚಿಕೊಳ್ಳುತ್ತಾ ಕೆಳಗೆ ಬಂತು. ಗಾದೆಪ್ಪ ಕೆಳಗೆ ನಿಂತು ಅದು ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.

ಸಿರುಗುಪ್ಪದಲ್ಲಿ ಒಂದು ಬೋರ್ಡು ಇಳಿಯಿತು. ನಿಮ್ಮೂರಿನಲ್ಲಿ ಇಳಿಯದವು ಎಷ್ಟಿವೆ? ಅವ್ವನ ಅಡುಗೆ, ಅಜ್ಜಿಯ ಕೈರುಚಿ, ಅಕ್ಕನ ಖಾನಾವಳಿ. ನೀವು ಕುಟುಂಬ ಸಮೇತ ಕಾರು ನಿಲ್ಲಿಸಿ, ಚಪ್ಪರಿಸಿ ತಿಂದು, ಫೋಟೋ ಹಾಕಿ ಮುಂದಿನ ಊರಿಗೆ ಹೋಗುತ್ತೀರಿ. ಇನ್ನು ಮುಂದೆ ಹಾಗೆ ಹೋಗಬೇಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಗನನ್ನು ಕೇಳಿ: ಬೋರ್ಡಿನ ಮೇಲಿರುವ ಆ ತಾಯಿಗೆ ಸಂಬಳ ಎಷ್ಟು, ವಾರಕ್ಕೆ ರಜೆ ಯಾವತ್ತು, ಅವಳನ್ನು ಒಂದು ಮಾತು ಕೇಳಿದ್ದೀಯಾ? ಉತ್ತರ ಬರುವವರೆಗೆ ತಿಂಡಿ ಹೇಳಬೇಡಿ.