ಗೂಡು ತೂತಾದ ಸಿನಿಮಾ

ಮಾಗಡಿಯಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ರೇಷ್ಮೆಹುಳು ಸಾಕುತ್ತಿದ್ದರು. ಹುಳುಗಳಿಗೆ ಸೊಪ್ಪು ಹಾಕಿ, ಕೈ ತೊಳೆದು, ಜಗಲಿಯಲ್ಲಿ ನನ್ನ ಜೊತೆ ಕೂತು ಮೊಬೈಲಿನಲ್ಲಿ ದೇಶದೇಶದ ಕಾರ್ಟೂನ್ ಸಿನಿಮಾಗಳನ್ನು ನೋಡಿ ವಿಮರ್ಶಿಸುವುದು ಅವರ ನಿತ್ಯವ್ರತ. ಪ್ರತಿ ಚಿತ್ರಕ್ಕೂ ಕನ್ನಡಕ ಏರಿಸಿ ಒಂದೇ ಪ್ರಶ್ನೆ: “ಹಿಂಗೂ ಆಯ್ತದಾ ಮೇಷ್ಟ್ರೇ?” ಒಂದು ಚಿತ್ರದಲ್ಲಿ ಮೋಡದ ಮೇಲೆ ಅಂಗಡಿಯಿಟ್ಟ ನರಿಯನ್ನು ಒಪ್ಪಿಕೊಂಡರು, ಅಲ್ಲಿಗೆ ಸಾಮಾನು ತಂದುಹಾಕುವವರು ಯಾರು ಎಂಬುದಷ್ಟೇ ಅವರ ತಕರಾರು.

ಒಂದು ಜಪಾನಿ ಚಿತ್ರದಲ್ಲಿ ರೇಷ್ಮೆಗೂಡಿನಿಂದ ಚಿಟ್ಟೆ ಹೊರಬಂದು ಚಂದ್ರನವರೆಗೂ ಹಾರಿತು. ನನ್ನ ಕಣ್ಣು ತುಂಬಿತು. ಅವರು ಹೌಹಾರಿದರು.

“ಗೂಡು ತೂತಾಯ್ತಲ್ಲ ಮೇಷ್ಟ್ರೇ, ಇನ್ನು ನೂಲು ಬರಾಕಿಲ್ಲ.”

ಚಿಟ್ಟೆ ಹೊರಬರುವ ಮೊದಲೇ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವುದು ಅವರ ಜೀವಮಾನದ ಕೆಲಸ. ರೇಷ್ಮೆಚಿಟ್ಟೆ ಹಾರುವುದನ್ನು ಅವರು ನೋಡಿಯೇ ಇರಲಿಲ್ಲ.

ಆ ಸಲದ ಬೆಳೆಯಲ್ಲಿ ಒಂದು ಗೂಡನ್ನು ಮಾರದೆ ಕಿಟಕಿಯಲ್ಲಿ ಉಳಿಸಿಕೊಂಡರು. ಒಂದು ಬೆಳಿಗ್ಗೆ ನನ್ನನ್ನು ಕರೆದರು. ಬೆಳ್ಳನೆಯ ದಪ್ಪ ಚಿಟ್ಟೆ ರೆಕ್ಕೆ ಬಡಿಯುತ್ತಿತ್ತು, ಹಾರುತ್ತಿರಲಿಲ್ಲ. ಅಂಗೈ ಮೇಲಿಟ್ಟು ಎತ್ತಿ ಹಿಡಿದರು. ಆಗಲೂ ಹಾರಲಿಲ್ಲ.

“ನೋಡಿ ಮೇಷ್ಟ್ರೇ, ಒಳ್ಳೆ ಗೂಡು ಹಾಳು ಮಾಡುದ್ರು,” ಎಂದರು ಅವರ ಹೆಂಡತಿ.

“ಸುಮ್ಕಿರಮ್ಮಿ, ಸಿನಿಮಾ ಟಿಕೇಟು ಅನ್ಕೊ,” ಎಂದು ಅವರು ಕೈಯನ್ನು ಇನ್ನೂ ಸ್ವಲ್ಪ ಮೇಲೆತ್ತಿದರು.